ವೈರಸ್ ಸಿಕ್ಕಿತು, ರೋಗ ಸಿಕ್ಕಿತೇ? ಸರೀಸೃಪಗಳ ವೈರಸ್ ಪರೀಕ್ಷೆ: ಒಂದು ಸಮೀಕ್ಷೆ

ಒಂದೇ ವೈರಸ್, ಎರಡು ಬಗೆಯ ಹಾವು. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸಂಶೋಧಕರು ರೆಪ್ಟರೀನಾವೈರಸ್ ಎಂಬ ವೈರಸ್ಸನ್ನು ಬೋವಾ ಹಾವುಗಳಿಗೂ ಆಫ್ರಿಕ ಮೂಲದ ಬಾಲ್ ಪೈಥಾನ್‌ಗಳಿಗೂ ಚುಚ್ಚಿ ಕಾದು ನೋಡಿದರು. ಎರಡು ತಿಂಗಳೊಳಗೆ ಪೈಥಾನ್‌ಗಳ ನರಮಂಡಲ ಕೆಟ್ಟು ಅವು ತೀವ್ರವಾಗಿ ಕಾಯಿಲೆ ಬಿದ್ದವು. ಬೋವಾಗಳು ಎರಡು ವರ್ಷ ಕಳೆದರೂ ಆರೋಗ್ಯವಾಗಿಯೇ ಕಂಡವು. ದೇಹದ ಒಳಗೆ ನೋಡಿದಾಗ ಮಾತ್ರ ಸ್ಥಿತಿ ತಿರುಗುಮುರುಗಾಗಿತ್ತು. ಆರೋಗ್ಯವಾಗಿದ್ದ ಬೋವಾಗಳ ಹಲವು ಅಂಗಗಳಲ್ಲಿ, ಮಿದುಳಿನಲ್ಲಿ ಕೂಡ, ವೈರಸ್ ತುಂಬಿಕೊಂಡಿತ್ತು. ಕಾಯಿಲೆ ಬಿದ್ದ ಪೈಥಾನ್‌ಗಳಲ್ಲಿ ಅದು ನರಮಂಡಲ ಬಿಟ್ಟು ಆಚೆ ಹೆಚ್ಚು ಬೆಳೆದಿರಲೇ ಇಲ್ಲ.

ಈ ಹಾವುಗಳ ರಕ್ತವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರೆ ಏನಾಗುತ್ತಿತ್ತು? ಆರೋಗ್ಯವಾಗಿರುವ ಬೋವಾದ ವರದಿ ‘ಪಾಸಿಟಿವ್’ ಎಂದು ಬರುತ್ತಿತ್ತು. ಸಾಯುತ್ತಿರುವ ಪೈಥಾನಿನ ವರದಿ ‘ನೆಗೆಟಿವ್’ ಎಂದು ಬರುವ ಸಾಧ್ಯತೆ ಹೆಚ್ಚಿತ್ತು. ಆ ಎರಡು ವರದಿಗಳನ್ನು ಕೈಯಲ್ಲಿ ಹಿಡಿದ ಪಶುವೈದ್ಯ ಯಾವ ಹಾವನ್ನು ಬೇರೆ ಇಡಬೇಕು, ಯಾವುದಕ್ಕೆ ದಯಾಮರಣ ಕೊಡಬೇಕು, ಯಾವುದನ್ನು ಕಾಡಿಗೆ ಬಿಡಬಹುದು?

ಹಾವು, ಹಲ್ಲಿ, ಆಮೆಗಳ ವೈರಸ್ ಪರೀಕ್ಷೆಯ ಸುತ್ತ ಅರ್ಧ ಶತಮಾನದಿಂದ ನಡೆಯುತ್ತಿರುವ ಚರ್ಚೆಯೆಲ್ಲ ಈ ಪ್ರಶ್ನೆಗೆ ಬಂದು ಸೇರುತ್ತದೆ. ಪರೀಕ್ಷೆಯ ತಂತ್ರ ಬೆಳೆದಷ್ಟೂ ಸಿಗುವ ವೈರಸ್‌ಗಳ ಸಂಖ್ಯೆ ಹೆಚ್ಚಿದೆ. ಸಿಕ್ಕದ್ದಕ್ಕೆ ಅರ್ಥ ಹಚ್ಚುವ ಕೆಲಸ ಅದೇ ವೇಗದಲ್ಲಿ ಸಾಗಿಲ್ಲ. ಈ ಅಂತರ ಎಲ್ಲಿಂದ ಹುಟ್ಟಿತು, ಅದನ್ನು ತುಂಬಲು ಯಾರು ಯಾವ ದಾರಿ ಹಿಡಿದಿದ್ದಾರೆ ಎಂಬುದನ್ನು ಇಲ್ಲಿ ನೋಡೋಣ.

ರಕ್ತಕಣದೊಳಗಿನ ಚುಕ್ಕೆಯಿಂದ

1914ರಲ್ಲಿ ಷಾಟ್ಟನ್ ಮತ್ತು ಬ್ಲಾಂಕ್ ಎಂಬ ಫ್ರೆಂಚ್ ವಿಜ್ಞಾನಿಗಳು ಟುನೀಸಿಯದ ಹಲ್ಲಿಗಳ ಕೆಂಪು ರಕ್ತಕಣಗಳಲ್ಲಿ ವಿಚಿತ್ರ ಚುಕ್ಕೆಗಳನ್ನು ಕಂಡರು. ಮಲೇರಿಯಾದಂಥ ಏಕಕೋಶ ಪರಾವಲಂಬಿಗಳ ಅಧ್ಯಯನ ಜೋರಾಗಿದ್ದ ಕಾಲ ಅದು. ಅವರು ಅದನ್ನೂ ಒಂದು ಪರಾವಲಂಬಿ ಎಂದೇ ಬಗೆದು ಪಿರ್‌ಹೀಮೊಸೈಟಾನ್ ಎಂದು ಹೆಸರಿಟ್ಟರು. ಐವತ್ತು ವರ್ಷ ಆ ಹೆಸರು ಪಠ್ಯಗಳಲ್ಲಿ ಉಳಿಯಿತು. 1966ರಲ್ಲಿ ಸ್ಟೆಬೆನ್ಸ್ ಮತ್ತು ಜಾನ್‌ಸ್ಟನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದೇ ಬಗೆಯ ರಕ್ತಕಣಗಳನ್ನು ನೋಡಿದಾಗ ಚುಕ್ಕೆಯ ಬಳಿ ಕಂಡದ್ದು ವೈರಸ್ ಕಣಗಳು. ಕಣ್ಣಿಗೆ ಬಿದ್ದದ್ದು ನಿಜವೇ ಆಗಿತ್ತು, ಅದು ಏನೆಂಬ ತೀರ್ಮಾನ ತಪ್ಪಾಗಿತ್ತು. ಮುಂದಿನ ಚರಿತ್ರೆಯಲ್ಲಿ ಈ ತೊಡಕು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ವೈರಸ್ಸನ್ನು ಬೆಳೆಸಿ ನೋಡಬೇಕಾದರೆ ಜೀವಂತ ಕೋಶಗಳು ಬೇಕು. ಸರೀಸೃಪದ ವೈರಸ್‌ಗಳಲ್ಲಿ ಹಲವು 37 ಡಿಗ್ರಿಯಲ್ಲಿ ಬೆಳೆಯುವ ಸಸ್ತನಿಗಳ ಕೋಶಗಳಿಗೆ ಒಗ್ಗುವುದಿಲ್ಲ. 1960ರ ದಶಕದ ಕೊನೆಯಿಂದ ಎಚ್. ಫ್ರೆಡ್ ಕ್ಲಾರ್ಕ್ ಮತ್ತು ಸಂಗಡಿಗರು ಬಾಕ್ಸ್ ಆಮೆಯ ಹೃದಯ, ಇಗ್ವಾನಾದ ಹೃದಯ ಮುಂತಾದವುಗಳಿಂದ ಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ತಳಿಗಳನ್ನು ರೂಪಿಸಿದರು. ಅವುಗಳಲ್ಲಿ ಒಂದು ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ಹೃದಯದ ಕೋಶದಿಂದ ಬಂದದ್ದು. ವಿಎಚ್-2 ಎಂಬ ಆ ತಳಿಯನ್ನು ಹಾವಿನ ವೈರಸ್‌ಗಳನ್ನು ಬೆಳೆಸಲು ಇಂದಿಗೂ ಬಳಸುತ್ತಾರೆ. ಮಕ್ಕಳನ್ನು ರೋಟಾವೈರಸ್ ಭೇದಿಯಿಂದ ಕಾಪಾಡುವ ಲಸಿಕೆಯೊಂದನ್ನು ಮುಂದೆ ರೂಪಿಸಿದವರಲ್ಲಿಯೂ ಇದೇ ಕ್ಲಾರ್ಕ್ ಇದ್ದರು.

1972ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹಾವು ಸಾಕಣೆ ಕೇಂದ್ರದಲ್ಲಿ ಫೇರ್-ಡಿ-ಲಾನ್ಸ್ ಎಂಬ ವಿಷದ ಹಾವುಗಳು ಉಸಿರಾಟದ ತೊಂದರೆಯಿಂದ ಸಾಲುಸಾಲಾಗಿ ಸತ್ತವು. ಅವುಗಳಿಂದ ಬೇರ್ಪಡಿಸಿದ ವೈರಸ್ಸನ್ನು ಕ್ಲಾರ್ಕ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ವಿವರವಾಗಿ ವರ್ಣಿಸಿದರು. ಇಂದು ಆ ಗುಂಪಿಗೆ ಫೆರ್ಲಾವೈರಸ್ ಎಂದು ಹೆಸರು. ಮೃಗಾಲಯಗಳೂ ಹಾವಿನ ಸಂಗ್ರಹಕಾರರೂ ವೈರಸ್ ಭೀತಿಯನ್ನು ಗಂಭೀರವಾಗಿ ತೆಗೆದುಕೊಂಡದ್ದು ಆಮೇಲೆ.

ಸರಿಸುಮಾರು ಅದೇ ಹೊತ್ತಿಗೆ, 1970ರ ದಶಕದ ನಡುವಿನಿಂದ, ಸಾಕಿದ ಹೆಬ್ಬಾವು ಮತ್ತು ಬೋವಾಗಳಲ್ಲಿ ಇನ್ನೊಂದು ಕಾಯಿಲೆ ಕಾಣಿಸಿತು. ನುಂಗಿದ್ದನ್ನು ಕಕ್ಕುವುದು, ತಲೆ ನಡುಗುವುದು, ಅಂಗಾತ ಬಿದ್ದರೆ ಮಗುಚಿಕೊಳ್ಳಲಾಗದಿರುವುದು, ಕತ್ತನ್ನು ಮೇಲಕ್ಕೆತ್ತಿ ಹಾಗೇ ನಿಂತುಬಿಡುವುದು ಇದರ ಲಕ್ಷಣಗಳು. ಸತ್ತ ಹಾವಿನ ಅಂಗಾಂಶ ನೋಡಿದರೆ ಕೋಶಗಳೊಳಗೆ ಗುಂಡಗಿನ ಪ್ರೋಟೀನ್ ಗಂಟುಗಳು. ಅದರಿಂದಲೇ ಇದಕ್ಕೆ ಇನ್‌ಕ್ಲೂಷನ್ ಬಾಡಿ ಡಿಸೀಸ್, ಅಂದರೆ ಐಬಿಡಿ ಎಂಬ ಹೆಸರು ಬಂತು. ಕಾರಣ ಯಾವ ವೈರಸ್ ಎಂಬುದು ತಿಳಿಯಲು ಸುಮಾರು ನಾಲ್ಕು ದಶಕ ಹಿಡಿಯಿತು.

ತಣ್ಣನೆ ರಕ್ತದ ತೊಡಕುಗಳು

ನಾಯಿಗೋ ಹಸುವಿಗೋ ಮಾಡುವ ಪರೀಕ್ಷೆಯನ್ನು ಹಾವಿಗೆ ಹಾಗೇ ತಂದು ಹಚ್ಚಲಾಗದು. ಸರೀಸೃಪದ ಮೈಶಾಖ ಸುತ್ತಲಿನ ಶಾಖದೊಂದಿಗೆ ಏರಿಳಿಯುತ್ತದೆ. ವೈರಸ್ ಬೆಳೆಯುವ ವೇಗ, ಅದರ ವಿರುದ್ಧ ದೇಹ ಪ್ರತಿಕಾಯ ಹುಟ್ಟಿಸುವ ವೇಗ ಎರಡೂ ಅದನ್ನೇ ಅವಲಂಬಿಸಿವೆ. ಸಸ್ತನಿಗಳಲ್ಲಿ ಒಂದೆರಡು ವಾರದಲ್ಲಿ ಕಾಣುವ ಪ್ರತಿಕಾಯ ಆಮೆಯಲ್ಲಿ ಹಲವು ವಾರ, ಕೆಲವೊಮ್ಮೆ ತಿಂಗಳುಗಳನ್ನೇ ತೆಗೆದುಕೊಳ್ಳಬಹುದು. ಚಳಿಗಾಲದ ನಿದ್ರೆಯಲ್ಲಿರುವ ಆಮೆಯ ರಕ್ತವೂ ಬಿಸಿಲಿಗೆ ಮೈಯೊಡ್ಡಿದ ಆಮೆಯ ರಕ್ತವೂ ಒಂದೇ ಸೋಂಕಿನ ಬಗ್ಗೆ ಬೇರೆ ಬೇರೆ ಕಥೆ ಹೇಳಬಹುದು.

ರಕ್ತ ತೆಗೆಯುವಲ್ಲಿಯೇ ಇಕ್ಕಟ್ಟು ಶುರುವಾಗುತ್ತದೆ. ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟದಂತೆ ಬಳಸುವ ಇಡಿಟಿಎ ಹಲವು ಜಾತಿಯ ಆಮೆಗಳ ಕೆಂಪು ಕಣಗಳನ್ನು ಒಡೆದುಬಿಡುತ್ತದೆ. ಅದರ ಬದಲು ಹೆಪಾರಿನ್ ಬಳಸಿದರೆ ಅದು ವೈರಸ್ಸಿನ ಆನುವಂಶಿಕ ವಸ್ತುವನ್ನು ಹುಡುಕುವ ಪಿಸಿಆರ್ ಕ್ರಿಯೆಗೆ ಅಡ್ಡ ಬರಬಲ್ಲದು. ಯಾವ ಕೊಳವೆಗೆ ರಕ್ತ ಹಾಕಿದರು ಎಂಬ ಸಣ್ಣ ಸಂಗತಿಯೇ ಫಲಿತಾಂಶವನ್ನು ಬದಲಿಸಬಹುದು.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಸರೀಸೃಪಗಳಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಒಂದು ಜಾತಿಗಾಗಿ ರೂಪಿಸಿ ಸರಿನೋಡಿದ ಪರೀಕ್ಷೆಯನ್ನು ಇನ್ನೊಂದು ಜಾತಿಗೆ ಬಳಸುವುದು ಇಲ್ಲಿ ಅನಿವಾರ್ಯ. ಪಕ್ಕಾ ಸೋಂಕಿನ ಮತ್ತು ಪಕ್ಕಾ ಸೋಂಕಿಲ್ಲದ ಪ್ರಾಣಿಗಳ ದೊಡ್ಡ ಗುಂಪಿನ ಮೇಲೆ ಪರೀಕ್ಷೆಯನ್ನು ಒರೆಗೆ ಹಚ್ಚುವ ಅವಕಾಶ ಬಹುತೇಕ ಜಾತಿಗಳಿಗೆ ಈವರೆಗೆ ಸಿಕ್ಕಿಲ್ಲ. ಈ ಇಕ್ಕಟ್ಟಿನ ನಡುವೆಯೇ ಯಾವ ಸಾಕ್ಷ್ಯವನ್ನು ಹೆಚ್ಚು ನಂಬಬೇಕೆಂಬ ಬಗ್ಗೆ ಬೇರೆ ಬೇರೆ ಪಂಥಗಳು ಬೆಳೆದವು.

ಮೊದಲ ಪಂಥ: ಅಂಗಾಂಶದ ಸಾಕ್ಷ್ಯ

ರೋಗಶಾಸ್ತ್ರಜ್ಞರ ನಿಲುವು ಸರಳ. ವೈರಸ್ ದೇಹದಲ್ಲಿದೆ ಎಂದರೆ ಸಾಲದು, ಅದು ಏನು ಹಾನಿ ಮಾಡಿದೆ ಎಂಬುದನ್ನು ಅಂಗಾಂಶದಲ್ಲಿ ತೋರಿಸಬೇಕು. ಯಕೃತ್ತಿನ ಅಥವಾ ಅನ್ನನಾಳದ ಗ್ರಂಥಿಗಳ ಚೂರನ್ನು ತೆಗೆದು ಬಣ್ಣ ಹಚ್ಚಿ ನೋಡಿದರೆ ಐಬಿಡಿಯ ಗಂಟುಗಳು ಕಾಣುತ್ತವೆ. ಬೋವಾಗಳಲ್ಲಿ ಒಂದು ಹನಿ ರಕ್ತದ ಲೇಪದಲ್ಲಿಯೂ ಬಿಳಿ ಕಣಗಳೊಳಗೆ ಅವನ್ನು ಗುರುತಿಸಬಹುದು. ಅಗ್ಗದ ಈ ವಿಧಾನ ಅನುಭವಿ ಕಣ್ಣಿಗೆ ಬೇಗ ಉತ್ತರ ಕೊಡುತ್ತದೆ.

ಬಣ್ಣ ಹಚ್ಚಿದ ಗಂಟುಗಳೆಲ್ಲ ಐಬಿಡಿಯವಲ್ಲ ಎಂಬುದು ಇದರ ಮಿತಿ. ಇದನ್ನು ದಾಟಲು ಫ್ಲಾರಿಡಾ ವಿಶ್ವವಿದ್ಯಾಲಯದ ಎಲಿಯಟ್ ಜೇಕಬ್‌ಸನ್ ಅವರ ಬಳಗ ವರ್ಷಗಟ್ಟಲೆ ದುಡಿಯಿತು. 2000ದ ಹೊತ್ತಿಗೆ ಆ ಗಂಟುಗಳಲ್ಲಿರುವುದು ಸುಮಾರು 68 ಕಿಲೋಡಾಲ್ಟನ್ ತೂಕದ ವಿಶಿಷ್ಟ ಪ್ರೋಟೀನ್ ಎಂಬುದು ತಿಳಿದಿತ್ತು. ಅದನ್ನೇ ಹಿಡಿಯುವ ಮೊನೊಕ್ಲೋನಲ್ ಪ್ರತಿಕಾಯದ ಬಗೆಗಿನ ವರದಿ 2013ರಲ್ಲಿ ಹೊರಬಂತು. ಪ್ರೋಟೀನ್ ಗೊತ್ತಿದ್ದರೂ ಅದು ಯಾರದೆಂಬುದು ಬಹುಕಾಲ ತಿಳಿದಿರಲಿಲ್ಲ. ವೈರಸ್ ಪತ್ತೆಯಾದ ಮೇಲೆ ನೋಡಿದರೆ ಅದು ಆ ವೈರಸ್ಸಿನದೇ ನ್ಯೂಕ್ಲಿಯೋಪ್ರೋಟೀನ್! ಅಂಗಾಂಶ ನೋಡಿದವರು ಹೆಸರು ತಿಳಿಯದೆಯೂ ಅಪರಾಧಿಯ ಮೇಲೆ ಕೈಯಿಟ್ಟಿದ್ದರು.

ಈ ಪಂಥದ ದೌರ್ಬಲ್ಯ ಇರುವುದು ಜೀವಂತ ಪ್ರಾಣಿಯ ವಿಷಯದಲ್ಲಿ. ಮಿದುಳಿನ ಚೂರನ್ನು ಬದುಕಿರುವ ಪೈಥಾನಿನಿಂದ ತೆಗೆಯಲಾಗದು. ಸೋಂಕು ತಗುಲಿ ಗಂಟುಗಳು ಇನ್ನೂ ಮೂಡದ ಹಂತದಲ್ಲಿ ಅಂಗಾಂಶ ಏನನ್ನೂ ಹೇಳದು. ಮರಣೋತ್ತರ ಪರೀಕ್ಷೆಯಲ್ಲಿ ಅತ್ಯಂತ ನಂಬಿಕೆಯ ಉತ್ತರ ಸಿಗುತ್ತದೆ, ಆದರೆ ಅದು ಸಿಗುವಷ್ಟರಲ್ಲಿ ಆ ಪ್ರಾಣಿಗೆ ತಡವಾಗಿರುತ್ತದೆ.

ಎರಡನೇ ಪಂಥ: ಪ್ರತಿಕಾಯದ ನೆನಪು

ವೈರಸ್ ಬಂದು ಹೋದರೂ ದೇಹ ಅದನ್ನು ನೆನಪಿಟ್ಟುಕೊಳ್ಳುತ್ತದೆ. ಆ ನೆನಪೇ ಪ್ರತಿಕಾಯ. ಫೆರ್ಲಾವೈರಸ್ ಕೋಳಿಯಂಥ ಪ್ರಾಣಿಗಳ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುತ್ತದೆ. ಹಾವಿನ ರಕ್ತದಲ್ಲಿ ಪ್ರತಿಕಾಯವಿದ್ದರೆ ಆ ಅಂಟುವಿಕೆ ನಿಂತುಬಿಡುತ್ತದೆ. ಇದರ ಮೇಲೆ ನಿಂತ ಪರೀಕ್ಷೆ ದಶಕಗಳ ಕಾಲ ಹಾವಿನ ವೈರಸ್ ಪತ್ತೆಗೆ ಮುಖ್ಯ ಆಧಾರವಾಗಿತ್ತು. ಯಾವುದೇ ಜಾತಿಯ ಹಾವಿನ ರಕ್ತವನ್ನು ಹೊಸ ರಾಸಾಯನಿಕಗಳ ಹಂಗಿಲ್ಲದೆ ಇದರಲ್ಲಿ ಪರೀಕ್ಷಿಸಬಹುದಾಗಿದ್ದದ್ದೇ ಇದರ ಜನಪ್ರಿಯತೆಗೆ ಕಾರಣ.

ಆ ವಿಶ್ವಾಸಕ್ಕೆ ಪೆಟ್ಟು ಬಿದ್ದದ್ದು 2008ರಲ್ಲಿ. ಮ್ಯಾಥ್ಯೂ ಅಲೆಂಡರ್ ಮತ್ತು ಸಂಗಡಿಗರು ಅಮೆರಿಕದ ಮಸ್ಸಸಾಗಾ ಎಂಬ ರ‍್ಯಾಟಲ್ ಹಾವುಗಳ ರಕ್ತವನ್ನು ವೈರಸ್ಸಿನ ಬೇರೆ ಬೇರೆ ತಳಿಗಳನ್ನು ಬಳಸುವ ಪರೀಕ್ಷೆಗಳಿಗೆ ಒಡ್ಡಿ ಹೋಲಿಸಿದರು. ಅದೇ ಹಾವುಗಳ ಬಗ್ಗೆ ಆ ಪರೀಕ್ಷೆಗಳು ಒಂದಕ್ಕೊಂದು ಹೊಂದದ ಉತ್ತರ ಕೊಟ್ಟವು. ಯಾವ ತಳಿಯ ವೈರಸ್ ಹಾಕಿ ಪರೀಕ್ಷಿಸಿದರು ಎಂಬುದನ್ನು ಹೇಳದೆ ಪಾಸಿಟಿವ್ ಅಥವಾ ನೆಗೆಟಿವ್ ಎಂದರೆ ಅರ್ಥವಿಲ್ಲ ಎಂಬುದು ಸ್ಪಷ್ಟವಾಯಿತು. ಅಪಾಯದ ಅಂಚಿನಲ್ಲಿರುವ ಕಾಡಿನ ಹಾವುಗಳಲ್ಲಿ ರೋಗ ಹರಡಿದೆಯೇ ಇಲ್ಲವೇ ಎಂಬ ತೀರ್ಮಾನ ಇಂಥ ಪರೀಕ್ಷೆಯನ್ನು ನೆಚ್ಚಿಕೊಂಡಿತ್ತು ಎಂಬುದನ್ನು ನೆನೆದರೆ ಈ ಅಧ್ಯಯನದ ತೂಕ ತಿಳಿಯುತ್ತದೆ.

ಹಾಗೆಂದು ಪ್ರತಿಕಾಯದ ದಾರಿಯನ್ನು ಬಿಟ್ಟುಬಿಡುವಂತಿಲ್ಲ. ಆಮೆಗಳ ಹರ್ಪಿಸ್‌ವೈರಸ್ ವಿಷಯದಲ್ಲಿ ಅದಕ್ಕೆ ಸಾಟಿಯಿಲ್ಲ. ಹರ್ಪಿಸ್ ಒಮ್ಮೆ ಹೊಕ್ಕರೆ ನರಕೋಶಗಳಲ್ಲಿ ಅಡಗಿ ಕೂರುತ್ತದೆ. ಅಡಗಿರುವಾಗ ಬಾಯಿಯ ಸ್ವಾಬ್ ತೆಗೆದು ವೈರಸ್ ಹುಡುಕಿದರೆ ಸಿಗುವುದಿಲ್ಲ, ಆದರೆ ರಕ್ತದಲ್ಲಿ ಪ್ರತಿಕಾಯ ಇರುತ್ತದೆ. 2001ರಲ್ಲಿ ಫ್ರಾನ್ಸೆಸ್ಕೊ ಒರಿಗ್ಗಿ ಮತ್ತು ಬಳಗ ಆಮೆಗಳಿಗಾಗಿ ರೂಪಿಸಿದ ಎಲೈಸಾ ಪರೀಕ್ಷೆ ಇಂಥ ಮೌನ ವಾಹಕಗಳನ್ನು ಗುರುತಿಸಲು ನೆರವಾಯಿತು. ಯುರೋಪಿನ ಹರ್ಮನ್ ಆಮೆಗೆ ಮಾರಕವಾಗಬಲ್ಲ ಹರ್ಪಿಸ್ ತಳಿ ಇನ್ನೊಂದು ಜಾತಿಯ ಆಮೆಯಲ್ಲಿ ತೊಂದರೆಯಿಲ್ಲದೆ ನೆಲೆಸಿರಬಹುದು. ಎರಡನ್ನೂ ಒಂದೇ ಆವರಣದಲ್ಲಿ ಬಿಟ್ಟಾಗ ದುರಂತ ನಡೆಯುತ್ತದೆ. ಅದನ್ನು ಮುಂಚೆಯೇ ತಡೆಯಬಲ್ಲದ್ದು ಪ್ರತಿಕಾಯದ ಪರೀಕ್ಷೆ.

ಮೂರನೇ ಪಂಥ: ಜೀನೋಮಿನ ಸಾಕ್ಷ್ಯ

ಪಿಸಿಆರ್ ಬಂದ ಮೇಲೆ ವೈರಸ್ಸಿನ ಆನುವಂಶಿಕ ವಸ್ತುವನ್ನೇ ನೇರವಾಗಿ ಹುಡುಕುವುದು ಸಾಧ್ಯವಾಯಿತು. ಗೊತ್ತಿರುವ ವೈರಸ್ಸಿಗೆ ಮಾತ್ರ ಬಲೆ ಬೀಸಬಹುದು ಎಂಬುದು ಇದರ ಮೊದಲ ಮಿತಿ. 2004ರಲ್ಲಿ ಜಿಮ್ ವೆಲ್ಲೆಹಾನ್ ಮತ್ತು ಸಹೋದ್ಯೋಗಿಗಳು ಈ ಬಲೆಯನ್ನು ಅಗಲಿಸಿದರು. ಅಡಿನೋವೈರಸ್ ಕುಟುಂಬದ ಎಲ್ಲ ಸದಸ್ಯರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇರುವ ಜೀನಿನ ಭಾಗಕ್ಕೆ ಪ್ರೈಮರ್‌ಗಳೆಂಬ ಹುಡುಕು ತುಣುಕುಗಳನ್ನು ಹೆಣೆದು ಹಲ್ಲಿ ಜಾತಿಗಳಲ್ಲಿ ಒಮ್ಮೆಗೇ ಆರು ಅಡಿನೋವೈರಸ್‌ಗಳನ್ನು ಗುರುತಿಸಿದರು. ದನ ಮತ್ತು ಬಾತುಕೋಳಿಗಳಲ್ಲಿ ಕಾಣುವ, ಅದೇ ಕುಟುಂಬದ ಅಟಾಡಿನೋವೈರಸ್‌ಗಳ ಮೂಲ ಸರೀಸೃಪಗಳಲ್ಲಿರಬೇಕು ಎಂಬ ವಾದಕ್ಕೂ ಅದರಿಂದ ಬಲ ಬಂತು.

ಮುಂದಿನ ಹೆಜ್ಜೆ ಬಲೆಯನ್ನೇ ಬಿಟ್ಟದ್ದು. ಮಾದರಿಯಲ್ಲಿರುವ ಎಲ್ಲ ಆರ್‌ಎನ್‌ಎಯನ್ನೂ ಓದಿ, ಅದರಲ್ಲಿ ಹಾವಿನದ್ದನ್ನು ಕಳೆದು ಉಳಿದದ್ದು ಏನೆಂದು ಕೇಳುವ ವಿಧಾನ ಅದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೋಸೆಫ್ ಡಿರಿಸಿ ಅವರ ಪ್ರಯೋಗಾಲಯದಲ್ಲಿ ಮೈಕೆಲ್ ಸ್ಟೆಂಗ್ಲೈನ್ ಮತ್ತು ಸಂಗಡಿಗರು ಐಬಿಡಿ ತಗುಲಿದ ಹಾವುಗಳ ಅಂಗಾಂಶವನ್ನು ಹೀಗೆ ಓದಿದಾಗ ಸಿಕ್ಕಿದ್ದು ಅರೀನಾವೈರಸ್. 2012ರಲ್ಲಿ ಈ ವರದಿ ಬಂದಾಗ ವೈರಸ್ ವಿಜ್ಞಾನಿಗಳಿಗೆ ಆಶ್ಚರ್ಯ ಕಾದಿತ್ತು. ಲಾಸ್ಸಾ ಜ್ವರ ತರುವ ಈ ಕುಟುಂಬ ಇಲಿಗಳಂಥ ಸಸ್ತನಿಗಳಲ್ಲಿ ಮಾತ್ರ ಇದೆ ಎಂದು ಅದುವರೆಗೆ ನಂಬಲಾಗಿತ್ತು. ಹಾವಿನ ವೈರಸ್ಸಿನ ಹೊರಕವಚದ ಪ್ರೋಟೀನ್ ಎಬೋಲಾ ಕುಟುಂಬದ್ದನ್ನು ಹೋಲುತ್ತಿತ್ತು. ಮುಂದಿನ ವರ್ಷ ಹೆಲ್ಸಿಂಕಿ ಮತ್ತು ನೆದರ್‌ಲೆಂಡ್ಸ್‌ನ ಬಳಗಗಳೂ ಇಂಥದೇ ವೈರಸ್‌ಗಳನ್ನು ಕಂಡವು. ಮೊದಲಲ್ಲಿ ಹೇಳಿದ ರೆಪ್ಟರೀನಾವೈರಸ್ ಈ ಗುಂಪಿನದೇ. ಅದೇ 2012ರಲ್ಲಿ ಆಸ್ಟ್ರೇಲಿಯಾದ ಮರ್ಡೋಕ್ ವಿಶ್ವವಿದ್ಯಾಲಯದ ಟಿಮತಿ ಹಿಂಡ್‌ಮನ್ ಮತ್ತು ಸಹೋದ್ಯೋಗಿಗಳು ಪೈಥಾನ್‌ಗಳ ನರ ಮತ್ತು ಉಸಿರಾಟದ ಕಾಯಿಲೆಗೆ ಸಂಬಂಧಿಸಿದ ಸನ್‌ಷೈನ್ ವೈರಸ್ಸನ್ನು ವರದಿ ಮಾಡಿದರು.

2014ರಲ್ಲಿ ಹೆಬ್ಬಾವುಗಳ ನ್ಯುಮೋನಿಯಾದ ಹಿಂದೆ ನಿಡೋವೈರಸ್ ಇದೆ ಎಂದು ಮೂರು ಗುಂಪುಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ವರದಿ ಮಾಡಿದವು. ಅವುಗಳಲ್ಲಿ ಒಂದು ವರದಿ ನ್ಯುಮೋನಿಯಾ ತಗುಲಿದ್ದ ಭಾರತೀಯ ಹೆಬ್ಬಾವಿನ ಶ್ವಾಸಕೋಶದ್ದು. ಸುಮಾರು 33 ಸಾವಿರ ಅಕ್ಷರಗಳ ಈ ವೈರಸ್ಸಿನ ಜೀನೋಮ್ ಆರ್‌ಎನ್‌ಎ ವೈರಸ್‌ಗಳಲ್ಲೇ ಅತಿ ಉದ್ದದವುಗಳಲ್ಲೊಂದು. ಇಂದು ಈ ಗುಂಪನ್ನು ಸರ್ಪೆಂಟೋವೈರಸ್ ಎನ್ನುತ್ತಾರೆ.

ಎಲ್ಲವನ್ನೂ ಓದಬಲ್ಲ ಈ ತಂತ್ರ ಹೊಸ ತೊಡಕುಗಳನ್ನೂ ತಂದಿತು. 2015ರ ಅಧ್ಯಯನವೊಂದರಲ್ಲಿ ಹೆಚ್ಚಿನ ಸೋಂಕಿತ ಹಾವುಗಳ ದೇಹದಲ್ಲಿ ಒಂದಕ್ಕಿಂತ ಹೆಚ್ಚು ರೆಪ್ಟರೀನಾವೈರಸ್‌ಗಳ ತುಣುಕುಗಳು ಬೆರೆತಿದ್ದವು. ಒಂದು ತಳಿಗೆಂದು ಹೆಣೆದ ಪ್ರೈಮರ್ ಇನ್ನೊಂದು ತಳಿಯನ್ನು ಹಿಡಿಯದೆ ಬಿಡಬಹುದು. ಹೀಗಾಗಿ ಪಿಸಿಆರ್ ನೆಗೆಟಿವ್ ಎಂದರೆ ವೈರಸ್ ಇಲ್ಲವೆಂದಲ್ಲ, ಹುಡುಕಿದ ವೈರಸ್ ಹುಡುಕಿದ ಜಾಗದಲ್ಲಿ ಸಿಗಲಿಲ್ಲ ಎಂದಷ್ಟೇ. ಜಾಗದ ಮಾತು ಮುಖ್ಯ. ಸರ್ಪೆಂಟೋವೈರಸ್‌ಗೆ ಬಾಯಿ ಮತ್ತು ಅನ್ನನಾಳದ ಸ್ವಾಬ್ ಸೂಕ್ತ. ಬೋವಾದ ರೆಪ್ಟರೀನಾವೈರಸ್‌ಗೆ ರಕ್ತ ಬೇಕು. ಸನ್‌ಷೈನ್ ವೈರಸ್ ಸತ್ತ ಹಾವಿನ ಮಿದುಳಿನಲ್ಲಿ ಚೆನ್ನಾಗಿ ಸಿಗುತ್ತದೆ. ತಪ್ಪು ಜಾಗದಿಂದ ತೆಗೆದ ಮಾದರಿಯನ್ನು ಅತ್ಯುತ್ತಮ ಯಂತ್ರಕ್ಕೆ ಹಾಕಿದರೂ ಸರಿಯಾದ ಉತ್ತರ ಬಾರದು.

ನಾಲ್ಕನೇ ಪಂಥ: ಕಾರಣವನ್ನು ಸಾಬೀತು ಮಾಡಿ

ವೈರಸ್ ಮತ್ತು ರೋಗ ಒಂದೇ ಪ್ರಾಣಿಯಲ್ಲಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಆರೋಗ್ಯವಂತ ಪ್ರಾಣಿಗೆ ಆ ವೈರಸ್ ಮಾತ್ರ ಕೊಟ್ಟು ಅದೇ ರೋಗ ಬರಿಸಿ ತೋರಿಸಬೇಕು ಎಂಬುದು ಈ ಪಂಥದ ಹಟ. 2018ರಲ್ಲಿ ಲಾರಾ ಹೂನ್-ಹ್ಯಾಂಕ್ಸ್ ಮತ್ತು ಸಹೋದ್ಯೋಗಿಗಳು ಬಾಲ್ ಪೈಥಾನ್‌ಗಳಿಗೆ ನಿಡೋವೈರಸ್ ಕೊಟ್ಟು ಉಸಿರಾಟದ ಕಾಯಿಲೆ ಬರುವುದನ್ನು ಪ್ರಯೋಗದಿಂದಲೇ ತೋರಿಸಿದರು. ಅದರಿಂದ ಸ್ವಾಬ್ ಪರೀಕ್ಷೆಯ ಪಾಸಿಟಿವ್ ಉತ್ತರಕ್ಕೆ ಗಟ್ಟಿ ಅರ್ಥ ಬಂತು.

ಪ್ರತಿ ರೋಗಕ್ಕೂ ಇಂಥ ಸಾಬೀತು ಸುಲಭವಲ್ಲ. ಕಡಲಾಮೆಗಳ ಮೈಮೇಲೆ ಗಡ್ಡೆ ಬೆಳೆಸುವ ಫೈಬ್ರೋಪ್ಯಾಪಿಲೋಮಾ ರೋಗವನ್ನು ಮೊದಲು ವರ್ಣಿಸಿದ್ದು 1938ರಲ್ಲಿ, ನ್ಯೂಯಾರ್ಕ್ ಅಕ್ವೇರಿಯಂನಲ್ಲಿದ್ದ ಹಸಿರು ಕಡಲಾಮೆಯಲ್ಲಿ. ಗಡ್ಡೆಯ ಕೋಶಗಳನ್ನೆಲ್ಲ ಸೋಸಿ ತೆಗೆದ ರಸದಿಂದಲೂ ರೋಗ ಹರಡುತ್ತದೆ ಎಂದು 1995ರಲ್ಲಿ ತೋರಿಸಿದರು. ಗಡ್ಡೆಗಳಲ್ಲಿ ಸಿಗುವ ಸಿಎಚ್‌ಎಚ್‌ವಿ-5 ಎಂಬ ಹರ್ಪಿಸ್‌ವೈರಸ್ ಮೇಲೆಯೇ ಎಲ್ಲರ ಶಂಕೆ. ಆದರೆ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು 2017ರವರೆಗೆ ಆಗಲೇ ಇಲ್ಲ. ಆ ವರ್ಷ ಹವಾಯಿಯಲ್ಲಿ ತಿಯರಿ ವರ್ಕ್ ಅವರ ಬಳಗ ಆಮೆಯ ಚರ್ಮವನ್ನು ಪದರಪದರವಾಗಿ ಮತ್ತೆ ಕಟ್ಟಿ ಅದರಲ್ಲಿ ವೈರಸ್ ಬೆಳೆಸಿತು. ಗಡ್ಡೆಯಿಲ್ಲದ ಆಮೆಗಳಲ್ಲಿಯೂ ಈ ವೈರಸ್ಸಿನ ಡಿಎನ್‌ಎ ಸಿಗುತ್ತದೆ. ಹಾಗಿದ್ದರೆ ಗಡ್ಡೆ ಬರಲು ವೈರಸ್ ಜೊತೆ ಇನ್ನೇನು ಬೇಕು, ಕಡಲ ನೀರಿನ ಮಾಲಿನ್ಯವೇ, ಆಮೆಯ ಕುಗ್ಗಿದ ರೋಗನಿರೋಧಕ ಶಕ್ತಿಯೇ ಎಂಬ ಚರ್ಚೆ ಮುಂದುವರಿದಿದೆ.

ಕಾಡಿನಲ್ಲಿ ರೋಗ ಎರಗಿದಾಗ ಸಾಬೀತಿಗೆ ಕಾಯುವಷ್ಟು ಸಮಯವಿರುವುದಿಲ್ಲ. 2015ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಬೆಲಿಂಜರ್ ನದಿಯಲ್ಲಿ ಮಾತ್ರ ಬದುಕುವ ಒಂದು ಜಾತಿಯ ಆಮೆ ಕಣ್ಣು ಊದಿ, ಬಡಕಲಾಗಿ ಸಾಯತೊಡಗಿತು. ವಾರಗಳಲ್ಲಿ ನೂರಾರು ಆಮೆಗಳು ಸತ್ತು, ಆ ಜಾತಿಯ ಶೇ 90ಕ್ಕೂ ಹೆಚ್ಚು ಪಾಲು ನಾಶವಾಯಿತೆಂದು ಅಂದಾಜು. ಸತ್ತ ಆಮೆಗಳ ಅಂಗಾಂಶದಲ್ಲಿ ಗಾಯವಾದ ಜಾಗಗಳಲ್ಲಿಯೇ ಹೊಸ ನಿಡೋವೈರಸ್ ಇರುವುದನ್ನು ತೋರಿಸಲಾಯಿತು. ಅಪಾಯದಂಚಿನ ಜಾತಿಯ ಆರೋಗ್ಯವಂತ ಆಮೆಗೆ ವೈರಸ್ ಚುಚ್ಚಿ ನೋಡುವಂತಿರಲಿಲ್ಲ. ಬದುಕುಳಿದ ಕೆಲವನ್ನು ಬೇರೆ ಒಯ್ದು ಮರಿ ಮಾಡಿಸುವ ಕೆಲಸ ಕೂಡಲೇ ಶುರುವಾಯಿತು. ಅಂಗಾಂಶ, ಜೀನೋಮ್, ನದಿಯ ಸಮೀಕ್ಷೆ ಈ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿದಾಗ ಅದನ್ನೇ ಸಾಕ್ಷ್ಯವೆಂದು ಒಪ್ಪಿ ಮುನ್ನಡೆದರು. ಪಂಥಗಳು ಒಂದರ ಕೊರತೆಯನ್ನು ಒಂದು ತುಂಬಿದ ಒಳ್ಳೆಯ ಉದಾಹರಣೆ ಇದು.

ಲೆಕ್ಕ ಹೇಳುವ ಸತ್ಯ

ಸೋಂಕುಶಾಸ್ತ್ರಜ್ಞರು ಇನ್ನೊಂದು ಮಾತು ಸೇರಿಸುತ್ತಾರೆ. ಪರೀಕ್ಷೆ ಎಷ್ಟೇ ಒಳ್ಳೆಯದಿರಲಿ, ಅದರ ಉತ್ತರದ ಬೆಲೆಯನ್ನು ತೀರ್ಮಾನಿಸುವುದು ಸೋಂಕು ಎಷ್ಟು ಸಾಮಾನ್ಯ ಎಂಬುದು. ಒಂದು ಲೆಕ್ಕ ಹಾಕಿ ನೋಡೋಣ. ಸಾವಿರ ಆಮೆಗಳ ಪೈಕಿ 20ಕ್ಕೆ ಸೋಂಕಿದೆ ಎಂದುಕೊಳ್ಳಿ. ಪರೀಕ್ಷೆ ಸೋಂಕಿತರಲ್ಲಿ ಶೇ 95ರಷ್ಟನ್ನು ಸರಿಯಾಗಿ ಹಿಡಿಯುತ್ತದೆ, ಸೋಂಕಿಲ್ಲದವರಲ್ಲಿ ಶೇ 95ರಷ್ಟನ್ನು ಸರಿಯಾಗಿ ಬಿಡುತ್ತದೆ. ಆಗ 20ರಲ್ಲಿ 19 ಸಿಗುತ್ತವೆ. ಉಳಿದ 980 ಆರೋಗ್ಯವಂತ ಆಮೆಗಳಲ್ಲಿ 49 ಕೂಡ ಪಾಸಿಟಿವ್ ಎಂದು ಬರುತ್ತವೆ. ಒಟ್ಟು 68 ಪಾಸಿಟಿವ್ ವರದಿಗಳಲ್ಲಿ ನಿಜವಾದವು 19 ಮಾತ್ರ. ವರದಿ ನಂಬಿ ಎಲ್ಲವನ್ನೂ ಕೊಂದರೆ ಸತ್ತ ಪ್ರತಿ ಹತ್ತರಲ್ಲಿ ಏಳು ನಿರಪರಾಧಿಗಳು.

ಅದೇ ಪರೀಕ್ಷೆಯನ್ನು ಕಾಯಿಲೆ ಹಬ್ಬಿರುವ ಗುಂಪಿನ ಮೇಲೆ ಮಾಡಿದರೆ ಪಾಸಿಟಿವ್ ಉತ್ತರ ಬಹುಪಾಲು ನಿಜವಾಗಿರುತ್ತದೆ. ಹೀಗಾಗಿ ಒಂದೇ ವರದಿ ಒಂದು ಕಡೆ ಬಲವಾದ ಸಾಕ್ಷ್ಯ, ಇನ್ನೊಂದು ಕಡೆ ಬರೀ ಸುಳಿವು. ಬೇರೆ ಬಗೆಯ ಎರಡನೇ ಪರೀಕ್ಷೆಯಿಂದ ದೃಢಪಡಿಸುವುದು, ಕೆಲವು ವಾರ ಬಿಟ್ಟು ಮತ್ತೆ ಮಾಡುವುದು, ಗುಂಪಿನ ಚರಿತ್ರೆ ಕೇಳುವುದು ಇವೆಲ್ಲ ಈ ಲೆಕ್ಕದಿಂದಲೇ ಬಂದ ಪಾಠಗಳು.

ವರದಿ ಬಂದ ಮೇಲೆ

ಚರ್ಚೆ ಅತ್ಯಂತ ಬಿಸಿಯಾಗುವುದು ಇಲ್ಲಿ. ಐಬಿಡಿ ಪಾಸಿಟಿವ್ ಆದ ಹಾವಿಗೆ ದಯಾಮರಣ ಕೊಡಬೇಕು ಎಂಬುದು ಹಳೆಯ ಸಲಹೆ. ಚಿಕಿತ್ಸೆಯಿಲ್ಲ, ಸೋಂಕು ಗುಂಪಿಗೆಲ್ಲ ಹರಡುತ್ತದೆ, ಹಾವು ನರಳಿ ಸಾಯುತ್ತದೆ ಎಂಬುದು ಅದರ ಹಿಂದಿನ ವಾದ. ಸೋಂಕು ತಾಯಿಯಿಂದ ಮರಿಗೂ ದಾಟುತ್ತದೆ ಎಂದು 2017ರಲ್ಲಿ ಗೊತ್ತಾದದ್ದು ಈ ವಾದಕ್ಕೆ ಬಲ ಕೊಟ್ಟಿತು.

ಎದುರುವಾದವೂ ಅಷ್ಟೇ ಗಟ್ಟಿ. ಸಂಗ್ರಹಗಳ ಸಮೀಕ್ಷೆ ಮಾಡಿದಾಗ ಪಾಸಿಟಿವ್ ಬಂದ ಹಾವುಗಳಲ್ಲಿ ಹೆಚ್ಚಿನವು ಆರೋಗ್ಯವಾಗಿ ಕಂಡವು. 2022ರಲ್ಲಿ ಕೋಸ್ಟರಿಕಾದ ಕಾಡು ಬೋವಾಗಳಲ್ಲಿಯೂ ಐಬಿಡಿ ಇರುವ ವರದಿ ಬಂತು. ಆಸ್ಟ್ರೇಲಿಯಾದ ಕಾಡಿನ ಬಿಯರ್ಡೆಡ್ ಡ್ರ್ಯಾಗನ್ ಹಲ್ಲಿಗಳಲ್ಲಿ ಅಡಿನೋವೈರಸ್ ಸಿಕ್ಕಿದೆ. ವೈರಸ್ ಆ ಪ್ರಾಣಿಗಳ ಜೊತೆ ಬಹುಕಾಲದಿಂದ ಬಾಳಿಕೊಂಡು ಬಂದಿದ್ದರೆ, ಪಾಸಿಟಿವ್ ಆದದ್ದನ್ನೆಲ್ಲ ಕೊಲ್ಲುವುದು ನ್ಯಾಯವೇ ಎಂಬುದು ಈ ಪಾಳಯದ ಪ್ರಶ್ನೆ. ಇವರ ಸಲಹೆ ಬೇರೆ: ಪಾಸಿಟಿವ್ ಪ್ರಾಣಿಯನ್ನು ಪ್ರತ್ಯೇಕವಾಗಿಡಿ, ಮರಿ ಮಾಡಿಸಬೇಡಿ, ಮಾರಬೇಡಿ, ಪೈಥಾನ್‌ಗಳ ಬಳಿಗಂತೂ ಬಿಡಲೇಬೇಡಿ, ಅದರ ಬಾಳು ನೆಮ್ಮದಿಯಾಗಿರುವವರೆಗೆ ಬದುಕಲು ಬಿಡಿ.

ಈ ಎರಡೂ ನಿಲುವುಗಳಲ್ಲಿ ಸತ್ಯವಿದೆ ಎಂದು ನನ್ನ ನಂಬಿಕೆ. ಗುಂಪನ್ನು ಕಾಪಾಡಬೇಕಾದ ಮೃಗಾಲಯಕ್ಕೂ ಒಂದೇ ಹಾವನ್ನು ಸಾಕಿದ ಮನೆಗೂ ಒಂದೇ ನಿಯಮ ಹೊಂದದು. ಕಾಡಿಗೆ ಬಿಡುವ ವಿಷಯದಲ್ಲಿ ಮಾತ್ರ ಸಡಿಲಿಕೆಗೆ ಜಾಗವಿಲ್ಲ. ಅಲ್ಲಿ ಒಂದು ತಪ್ಪು ವರದಿಯ ಬೆಲೆಯನ್ನು ತೆರುವುದು ಒಂದಿಡೀ ಜಾತಿ.

ನಮ್ಮ ನೆಲದಲ್ಲಿ ಈ ಪ್ರಶ್ನೆ

ಇದು ದೂರದ ದೇಶಗಳ ಚರ್ಚೆ ಮಾತ್ರವಾಗಿ ಉಳಿದಿಲ್ಲ. 2023ರ ಆಗಸ್ಟಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನಲ್ಲಿ ಪೈಥಾನ್, ಇಗ್ವಾನಾ, ಆಮೆಗಳೂ ಸೇರಿ 234 ಪ್ರಾಣಿಗಳು ಸಿಕ್ಕವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಹತ್ತು ಹಳದಿ ಅನಕೊಂಡಗಳನ್ನು ಕಸ್ಟಮ್ಸ್ ವಶಪಡಿಸಿಕೊಂಡಿತು. ಅನಕೊಂಡ ಬೋವಾ ಕುಟುಂಬದ್ದು. ಬೇರೆ ಬೇರೆ ಖಂಡಗಳ ಪ್ರಾಣಿಗಳನ್ನು ಇಕ್ಕಟ್ಟಾದ ಚೀಲಗಳಲ್ಲಿ ಒಟ್ಟಿಗೆ ತುಂಬಿ ತರುವ ಕಳ್ಳಸಾಗಣೆ ವೈರಸ್‌ಗಳಿಗೆ ಜಾತಿಯಿಂದ ಜಾತಿಗೆ ದಾಟುವ ದಾರಿ ತೆರೆದಂತೆ. ಫ್ಲಾರಿಡಾದಲ್ಲಿ ಕಾಡು ಸೇರಿದ ಬರ್ಮಾ ಹೆಬ್ಬಾವುಗಳಲ್ಲಿ ಸರ್ಪೆಂಟೋವೈರಸ್ ಸಿಕ್ಕಿರುವುದು ನಮಗೂ ಎಚ್ಚರಿಕೆ. ನಮ್ಮ ಕಾಡುಗಳಲ್ಲಿರುವ ಹೆಬ್ಬಾವಿನ ಜಾತಿಗೂ ಇಂಥ ವೈರಸ್ ತಗುಲಬಲ್ಲದು ಎಂಬುದಕ್ಕೆ ಭಾರತೀಯ ಹೆಬ್ಬಾವಿನ ಬಗೆಗಿನ 2014ರ ವರದಿಯೇ ಸಾಕ್ಷಿ.

ಮರಳಿ ತರುವ ಕೆಲಸದಲ್ಲೂ ಪ್ರಶ್ನೆ ಅದೇ. 2018ರ ನವೆಂಬರ್‌ನಲ್ಲಿ ಸಿಂಗಪುರದಲ್ಲಿ ವಶವಾಗಿದ್ದ 51 ನಕ್ಷತ್ರ ಆಮೆಗಳು ಬೆಂಗಳೂರಿಗೆ ಬಂದವು. 2019ರಲ್ಲಿ ಈ ಜಾತಿ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ತಡೆ ಬಿತ್ತು. ಪರದೇಶದಲ್ಲಿ ಬೇರೆ ಜಾತಿಯ ಆಮೆಗಳ ನಡುವೆ ಇದ್ದು ಬಂದ ಆಮೆಯನ್ನು ನಮ್ಮ ಕುರುಚಲು ಕಾಡಿಗೆ ಬಿಡುವ ಮುನ್ನ ಅದರ ಬಾಯಿಯ ಸ್ವಾಬ್ ಮತ್ತು ರಕ್ತದ ಪ್ರತಿಕಾಯ ಎರಡನ್ನೂ ನೋಡಬೇಕು, ಒಮ್ಮೆ ನೋಡಿದರೆ ಸಾಲದು. ಹರ್ಪಿಸ್ ಕಲಿಸಿದ ಪಾಠ ಇದು. ವಿದೇಶಿ ಪ್ರಾಣಿ ಸಾಕುವವರು ನೋಂದಾಯಿಸಬೇಕು ಎಂಬ 2024ರ ನಿಯಮಗಳಿಂದ ಯಾವ ಪ್ರಾಣಿ ಎಲ್ಲಿದೆ ಎಂಬ ಲೆಕ್ಕವಾದರೂ ಸಿಗುವಂತಾಗಿದೆ. ಆ ಲೆಕ್ಕದ ಜೊತೆಗೆ ಆರೋಗ್ಯದ ಲೆಕ್ಕವೂ ಸೇರಬೇಕು.

ಇನ್ನೂ ತೀರದ ಪ್ರಶ್ನೆಗಳು

ಮೊದಲನೆಯದು, ಸೋಂಕು ಕಾಯಿಲೆಯಾಗುವುದು ಯಾವಾಗ? ಒಂದೇ ವೈರಸ್ ಬೋವಾದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು ಪೈಥಾನಿನಲ್ಲಿ ವಾರಗಳಲ್ಲಿ ಮಿದುಳು ಕೆಡಿಸುವುದೇಕೆ ಎಂಬುದಕ್ಕೆ ಪೂರ್ಣ ಉತ್ತರವಿಲ್ಲ. ಅದು ತಿಳಿಯುವವರೆಗೆ ಪಾಸಿಟಿವ್ ವರದಿಯಿಂದ ಮುಂದೇನಾಗುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ಎರಡನೆಯದು, ಬೆರೆತ ಸೋಂಕುಗಳ ಪಾತ್ರ. ಒಂದು ಹಾವಿನಲ್ಲಿ ಹಲವು ರೆಪ್ಟರೀನಾವೈರಸ್‌ಗಳು ಕೂಡಿದಾಗ ರೋಗದ ತೀವ್ರತೆ ಬದಲಾಗುತ್ತದೆಯೇ, ಯಾವ ತಳಿಗಾಗಿ ಪರೀಕ್ಷಿಸಬೇಕು?

ಮೂರನೆಯದು, ಹರಡುವ ದಾರಿ. ಹಾವಿನ ಮೈಮೇಲಿನ ಉಣ್ಣೆಯಂಥ ಹುಳುಗಳ ಮೇಲೆ ಶಂಕೆ ಬಹುಕಾಲದಿಂದ ಇದೆ, ಅವೇ ಹರಡುತ್ತವೆಂಬುದು ನಿರ್ಣಾಯಕವಾಗಿ ಸಾಬೀತಾಗಿಲ್ಲ. ದಾರಿ ತಿಳಿಯದೆ ಪ್ರತ್ಯೇಕ ಇಡುವ ಅವಧಿ ಎಷ್ಟಿರಬೇಕೆಂದು ನಿಗದಿ ಮಾಡುವುದು ಕಷ್ಟ.

ನಾಲ್ಕನೆಯದು, ತಾಪ. ರೆಪ್ಟರೀನಾವೈರಸ್ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆದು 37 ಡಿಗ್ರಿಯಲ್ಲಿ ಕುಂದುತ್ತದೆ ಎಂದು 2015ರ ಕೋಶ ಪ್ರಯೋಗಗಳು ತೋರಿಸಿವೆ. ಸಾಕುವ ಜಾಗದ ಶಾಖವನ್ನು ಬದಲಿಸಿದರೆ ಸೋಂಕಿನ ಗತಿ ಬದಲಾಗುತ್ತದೆಯೇ, ಪರೀಕ್ಷೆಯ ಉತ್ತರ ಋತುವಿಗೆ ತಕ್ಕಂತೆ ಎಷ್ಟು ಏರಿಳಿಯುತ್ತದೆ ಎಂಬುದಕ್ಕೆ ಬದುಕಿರುವ ಪ್ರಾಣಿಗಳ ಮೇಲಿನ ದೀರ್ಘ ಅಧ್ಯಯನಗಳೇ ಬೇಕು.

ಐದನೆಯದು, ಎಲ್ಲಕ್ಕಿಂತ ನಮಗೆ ಹತ್ತಿರದ್ದು: ಕಾಡಿನ ಸಹಜ ಸ್ಥಿತಿ ಯಾವುದು? ಪಶ್ಚಿಮ ಘಟ್ಟದ ಆಮೆ, ಹಾವು, ಉಡಗಳಲ್ಲಿ ಯಾವ ವೈರಸ್‌ಗಳು ರೋಗ ತರದೆ ನೆಲೆಸಿವೆ ಎಂಬುದನ್ನು ಮೊದಲೇ ಅರಿತಿದ್ದರೆ ಮಾತ್ರ, ಹೊರಗಿನಿಂದ ಬಂದದ್ದು ಯಾವುದು ಎಂದು ಹೇಳಲು ಸಾಧ್ಯ. ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆಯನ್ನು ತಪ್ಪದೆ ಮಾಡಿ, ಅಂಗಾಂಶವನ್ನು ಕಾಪಿಟ್ಟು, ಮೃಗಾಲಯ ಮತ್ತು ರಕ್ಷಣಾ ಕೇಂದ್ರಗಳ ವರದಿಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಹೊಸ ಯಂತ್ರಗಳಿಗಿಂತ ಹೆಚ್ಚಾಗಿ ಶಿಸ್ತು ಬೇಕು. ಆ ಆಧಾರ ಸಿದ್ಧವಾದಾಗ ಪ್ರಯೋಗಾಲಯದಿಂದ ಬರುವ ಪ್ರತಿ ಉತ್ತರವನ್ನೂ ತೂಗಿ ನೋಡಬಹುದು. ಅದಿಲ್ಲದಿದ್ದರೆ ಪಾಸಿಟಿವ್ ಎಂಬ ಒಂದೇ ಪದದ ಮೇಲೆ ಪ್ರಾಣಿಗಳ ಸಾವು ಬದುಕನ್ನು ನಿರ್ಧರಿಸುತ್ತಲೇ ಇರುತ್ತೇವೆ.